ಕುಂಡ ಕೊಡಲಿಲ್ಲ, ಡಿಪಾಸಿಟ್ ಹಿಡಿದೆ: ಹೆಂಡತಿಯ ಅಡೇನಿಯಂಗಳಿಗೆ ಮನೆ ಹುಡುಕಿದ ನನ್ನ ಅನುಭವ

ನನ್ನ ಹೆಂಡತಿ ತೀರಿಕೊಂಡು ಎರಡೂವರೆ ವರ್ಷ ಆಯಿತು. ಬಾಗಲಕೋಟೆ ನವನಗರದ ನಮ್ಮ ಮಾಳಿಗೆ ಮೇಲೆ ಅವಳು ಬಿಟ್ಟು ಹೋದದ್ದು ಸುಮಾರು 240 ಕುಂಡ. 170ರಷ್ಟು ಅಡೇನಿಯಂ, ಅಂದರೆ ಬುಡ ದಪ್ಪಗೆ ಉಬ್ಬಿದ ಹೂವಿನ ಗಿಡ. ಉಳಿದದ್ದು ಕಳ್ಳಿ, ಹಾವಿನ ಗಿಡ (ಸ್ನೇಕ್ ಪ್ಲಾಂಟ್), ಸ್ವಲ್ಪ ಯುಫೋರ್ಬಿಯಾ ಅನ್ನುವ ಹಾಲು ಬರುವ ಗಿಡ. ಇವತ್ತು 160 ಗಿಡ, ಕುಂಡ ಕೊಡದೆ ಡಿಪಾಸಿಟ್ ಹಿಡಿಯುವ ನನ್ನ ಪದ್ಧತಿಯಲ್ಲೇ ಬೇರೆ ಮನೆ ಸೇರಿವೆ. ಹೋದ ದೀಪಾವಳಿಗೆ ಎಣಿಸಿದಾಗ 12 ಬಿಟ್ಟು ಉಳಿದವೆಲ್ಲ ಬದುಕಿದ್ದವು. "ಹಿಂಗ ಮಾಡಿದ್ರ ಒಬ್ರೂ ಬರೂದಿಲ್ಲ" ಅಂದವರೇ ಈಗ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಅಡೇನಿಯಂ ಸಾಕಿದವರಿಗೆ ಮಣ್ಣು, ಬಿಸಿಲು, ಕತ್ತರಿ ವಿಷಯ ನಾನು ಹೇಳಬೇಕಾಗಿಲ್ಲ. ನೇರವಾಗಿ ತಪ್ಪುಗಳಿಗೆ ಬರುತ್ತೇನೆ.

ಅವಳು ಹೋದದ್ದು ಮೇ ತಿಂಗಳಲ್ಲಿ. ನಾನು ಬಸ್ ಕಂಡಕ್ಟರ್ ಆಗಿದ್ದವನು. ಮೂವತ್ತು ವರ್ಷ ಟಿಕೆಟ್ ಹರಿದಿದ್ದೆ, ಗಿಡ ಮುಟ್ಟಿದವನಲ್ಲ. ಮಳೆ ಶುರುವಾಯಿತು, ಗಿಡಕ್ಕೆ ಒಳ್ಳೆಯ ಕಾಲ ಅಂದುಕೊಂಡು ಜುಲೈನಲ್ಲಿ ಕುಂಡ ಬದಲಾಯಿಸಲು ಕುಳಿತೆ. ಬೇರು ಕಡಿದು ಅವತ್ತೇ ನೀರು ಹಾಕಿದೆ. ಮೂರು ವಾರಕ್ಕೆ ಬುಡ ಮೆತ್ತಗಾದವು, ಒತ್ತಿದರೆ ಬೆರಳು ಒಳಗೆ ಹೋಗುತ್ತಿತ್ತು. 11 ಗಿಡ ಸತ್ತವು. ಅದರಲ್ಲಿ ಎರಡು ಅವಳು ಹಳೆ ಬಾಗಲಕೋಟೆಯ ಮುಳುಗಡೆ ಮನೆಯಿಂದ ತಂದವು. ಆಲಮಟ್ಟಿ ಹಿನ್ನೀರಿಗೆ ಮನೆ ಬಿಡುವಾಗ ಟ್ರ್ಯಾಕ್ಟರ್‌ಗೆ ಅವಳು ಮೊದಲು ಏರಿಸಿದ್ದು ಆ ಕುಂಡಗಳನ್ನು, ಆಮೇಲೆ ಟ್ರಂಕು. ಆ ಎರಡು ಗಿಡದ ಸಂಕಟ ನನಗೆ ಇನ್ನೂ ಹೋಗಿಲ್ಲ.

"ಅಪ್ಪಾ, ಒಬ್ಬರೇ ಎಷ್ಟಂತ ಮಾಡ್ತೀರಿ, ಎಲ್ಲಾ ಮಾರಿಬಿಡ್ರಿ" ಅಂದಳು ಮಗಳು. ಒಬ್ಬ ನರ್ಸರಿಯವನು ಬಂದು ನೋಡಿ ಕುಂಡ ಸಮೇತ ಎಲ್ಲಕ್ಕೂ 6,000 ಅಂದ. ಬರೀ ಸಿಮೆಂಟ್ ಕುಂಡಗಳ ಬೆಲೆಯೇ ಅದಕ್ಕಿಂತ ಜಾಸ್ತಿ. ಅವನನ್ನು ಚಹಾ ಕುಡಿಸಿ ಕಳಿಸಿದೆ.

ಆಮೇಲೆ ಪುಕ್ಕಟೆ ಕೊಡುತ್ತೇನೆ ಅಂದೆ. ಒಂದೇ ಭಾನುವಾರ 35 ಕುಂಡ ಹೋದವು. ಯಾರೂ ಯಾವ ಬಣ್ಣ, ಎಷ್ಟು ವರ್ಷದ್ದು ಅಂತ ಕೇಳಲಿಲ್ಲ. ಕುಂಡ ಗಟ್ಟಿ ಐತೋ ಇಲ್ಲೋ ಅಂತ ಬಡಿದು ನೋಡಿದರು. ಗಣೇಶನ ಹಬ್ಬದ ಹೊತ್ತಿಗೆ ನಮ್ಮದೇ ಸೆಕ್ಟರ್‌ನ ಗಟಾರದ ಪಕ್ಕ ಅವಳ ಹದಿನಾಲ್ಕು ವರ್ಷದ ಬಿಳಿ ಅಡೇನಿಯಂ ಬಿದ್ದಿತ್ತು. ಕುಂಡದಲ್ಲಿ ತುಳಸಿ ಹಚ್ಚಿದ್ದರು. ಆ ಗಿಡವನ್ನು ಎತ್ತಿ ತಂದೆ. ಅದು ಈಗಲೂ ನನ್ನ ಹತ್ತಿರ ಇದೆ.

ಅವತ್ತೇ ಗೊತ್ತಾಯಿತು, ಜನಕ್ಕೆ ಬೇಕಾದದ್ದು ಕುಂಡ. ಹಾಗಾದರೆ ಕುಂಡವನ್ನೇ ಕೊಡದಿದ್ದರೆ?

ಡಿಪಾಸಿಟ್ ಯೋಚನೆ ಬಂದದ್ದು ಕುಡಿಯುವ ನೀರಿನ ಕ್ಯಾನ್‌ನಿಂದ. ರೊಕ್ಕ ಇಟ್ಟು ತಂದ ಕ್ಯಾನನ್ನು ಯಾರೂ ಬೀದಿಗೆ ಎಸೆಯುವುದಿಲ್ಲ ಅಲ್ವಾ? ಸಣ್ಣ ಗಿಡಕ್ಕೆ 200, ಹತ್ತು ವರ್ಷ ದಾಟಿದ್ದಕ್ಕೆ 500 ಇಟ್ಟೆ. ಫೆಬ್ರವರಿಯಲ್ಲಿ ಒಯ್ಯಬೇಕು, ದೀಪಾವಳಿಗೆ ಗಿಡ ತೋರಿಸಿ ರೊಕ್ಕ ವಾಪಸ್ ಒಯ್ಯಬೇಕು. ದೀಪಾವಳಿ ಯಾಕೆ ಅಂದರೆ, ಮಳೆಗಾಲ ದಾಟಿದ ಅಡೇನಿಯಂ ಆ ಮನೆಗೆ ಒಗ್ಗಿದೆ ಅಂತ ಲೆಕ್ಕ. ಬೇಸಿಗೆ ಅದನ್ನು ಕೊಲ್ಲುವುದಿಲ್ಲ, ನೀರು ಕೊಲ್ಲುತ್ತದೆ.

ಹೆಂಡತಿಯ ತಮ್ಮ ಮುಖ ಸಣ್ಣದು ಮಾಡಿದ. "ಮಾಮಾ, ಅಕ್ಕನ ಗಿಡಕ್ಕ ರೊಕ್ಕ ಇಸ್ಕೊಳ್ಳೂದು ಚಲೋ ಕಾಣ್ತದೇನು?" ಓಣಿಯಲ್ಲೂ ಮಾತಾಡಿದರು. ನಾನು ಹಿಂದೆ ಸರಿಯಲಿಲ್ಲ. ಮೊದಲ ಫೆಬ್ರವರಿ 58 ಗಿಡ ಹೋದವು, ಎರಡನೆಯದರಲ್ಲಿ ನೂರರ ಹತ್ತಿರ. ಎರಡೂ ಸೇರಿ 45,000ದಷ್ಟು ಡಿಪಾಸಿಟ್ ಬಂತು. ಅದನ್ನು ಮುಟ್ಟದೆ ಬೇರೆ ಪಾಸ್‌ಬುಕ್‌ನಲ್ಲಿ ಇಟ್ಟೆ. ಗಿಡ ತೋರಿಸಿದವರಿಗೆಲ್ಲ ಪೂರ್ತಿ ವಾಪಸ್ ಕೊಟ್ಟೆ. ಸತ್ತ 12 ಗಿಡದ್ದು ಮೂರು ಸಾವಿರ ಚಿಲ್ಲರೆ ನನ್ನ ಹತ್ತಿರ ಉಳಿಯಿತು.

ಕೊಡುವ ರೀತಿ ಇಷ್ಟೇ. ಎಲೆ ತೆಗೆದು, ಬೇರು ತೊಳೆದು, ನೆರಳಲ್ಲಿ ಐದಾರು ದಿನ ಒಣಗಿಸುತ್ತೇನೆ. ಗಾಯಕ್ಕೆ ಕೊಳೆ ತಡೆಯುವ ಸಾಫ್ ಪುಡಿ. ಆಮೇಲೆ ಹಳೆ ಪೇಪರ್‌ನಲ್ಲಿ ಸುತ್ತಿ, ಹೆಸರು ಬರೆದು, ಬೇರಿನಲ್ಲಿ ಮಣ್ಣಿಲ್ಲದೆ ಕೈಗೆ ಕೊಡುತ್ತೇನೆ. ನೆಟ್ಟ ಮೇಲೆ ಒಂದು ವಾರ ನೀರು ಹಾಕಬಾರದು. ಒಂದು ಕೈಚೀಲದಲ್ಲಿ ಎಂಟು ಗಿಡ ಹಿಡಿಯುತ್ತವೆ. ಇಳಕಲ್ಲಿಗೆ, ಜಮಖಂಡಿಗೆ, ಬಾದಾಮಿಗೆ ಹೀಗೇ ಬಸ್ಸಿನಲ್ಲಿ ಹೋದವು. ಕುಂಡ ಇದ್ದಿದ್ದರೆ ಟಂಟಂ ಆಟೋ ಬಾಡಿಗೆಯೇ ಗಿಡಕ್ಕಿಂತ ಜಾಸ್ತಿ ಆಗುತ್ತಿತ್ತು. ಉಳಿದ ಸಿಮೆಂಟ್ ಕುಂಡಗಳಲ್ಲಿ 70 ಮಾರಿದೆ, ಐದು ಸಾವಿರದ ಹತ್ತಿರ ಬಂತು. ಮರಳು, ಔಷಧಿ, ಓಡಾಟ ಸೇರಿ ಖರ್ಚು ಒಂಬತ್ತು ಸಾವಿರ ಆಗಿರಬಹುದು.

ಒಯ್ಯುವವರಿಗೆ ಮೂರು ಪ್ರಶ್ನೆ ಕೇಳುತ್ತೇನೆ. ಎರಡು ಹೇಳುತ್ತೇನೆ. ಆಡು ಸಾಕಿದ್ದೀರಾ? ಈ ಗಿಡದಿಂದ ಬರುವ ಹಾಲು ವಿಷ, ಆಡು ಕಚ್ಚಬಾರದು. ಬೋರ್ ನೀರು ಸವಳಾ? ಕುಂಡದ ಅಂಚಿಗೆ ಬಿಳಿ ಉಪ್ಪು ಕೂರುವ ಮನೆಗೆ ಕಸಿ ಗಿಡ ಕೊಡುವುದಿಲ್ಲ, ನಾಟಿ ಗುಲಾಬಿ ಬಣ್ಣದ್ದು ಕೊಡುತ್ತೇನೆ. ಮೂರನೆಯ ಪ್ರಶ್ನೆ ಇಲ್ಲಿ ಬರೆದರೆ ಎಲ್ಲರೂ ಉತ್ತರ ತಯಾರು ಮಾಡಿಕೊಂಡು ಬರುತ್ತಾರೆ. ಅದು ನನ್ನಲ್ಲೇ ಇರಲಿ.

ಎರಿ ಮಣ್ಣಿನಲ್ಲಿ ನೆಟ್ಟವರದ್ದು ಸತ್ತಿತು. ಎಷ್ಟು ಹೇಳಿದರೂ ಇಬ್ಬರು ಹೊಲದ ಕರಿ ಮಣ್ಣೇ ತುಂಬಿದರು. ಈಗ ಗಿಡದ ಜೊತೆ ಬೇರೆಯಾಗಿ ಒಂದು ಪುಟ್ಟಿ ಮಣ್ಣು ನಾನೇ ಕಲಸಿ ಕೊಡುತ್ತೇನೆ. ಇಟ್ಟಂಗಿ ಚೂರು, ದಪ್ಪ ಮರಳು, ಹಳೆಯ ತಿಪ್ಪೆ ಗೊಬ್ಬರ, ಮತ್ತೊಂದು ವಸ್ತು. ಆ ಮತ್ತೊಂದು ಅವಳದು. ಗಿಡ ಒಯ್ದವರಿಗೆ ಮಾತ್ರ ಹೇಳುತ್ತೇನೆ.

ಹೆಸರುಗಳದ್ದೇ ದೊಡ್ಡ ಕೆಲಸ ಆಯಿತು. ಅವಳು ಐಸ್‌ಕ್ರೀಂ ಕಡ್ಡಿಗೆ ಪೆನ್ನಿನಲ್ಲಿ ಬರೆದದ್ದೆಲ್ಲ ಬಿಸಿಲಿಗೆ ಅಳಿಸಿತ್ತು. ಕೊನೆಗೆ ಸಿಕ್ಕಿದ್ದು ಹಾಲಿನ ಲೆಕ್ಕದ ಪುಸ್ತಕದಲ್ಲಿ. ಒಂದು ಲೀಟರ್, ಅರ್ಧ ಲೀಟರ್ ಅಂತ ಬರೆದ ಪಕ್ಕದಲ್ಲೇ "ಇಳಕಲ್ ಕೆಂಪು ಕಟ್", "ಟೀಚರ್ ಬಿಳಿ ಕುಂಡ ಬದಲು". ಗಿಡ ಎಲ್ಲಿಂದ ಬಂತೋ, ಯಾರು ಕೊಟ್ಟರೋ ಅದೇ ಹೆಸರು. ಅದೇ ಹೆಸರುಗಳನ್ನು ಪೆನ್ಸಿಲ್‌ನಲ್ಲಿ ಬರೆದು ಕೊಟ್ಟೆ. ಪೆನ್ಸಿಲ್ ಬರಹ ಬಿಸಿಲಿಗೆ ಅಳಿಸುವುದಿಲ್ಲ. ಜಮಖಂಡಿಯ ಒಬ್ಬ ತಾಯಿ ಈಗಲೂ "ನಿಮ್ಮ ಟೀಚರ್ ಬಿಳಿ ಹೂ ಬಿಟ್ಟಾಳ್ರೀ ಅಣ್ಣಾರ" ಅಂತ ಫೋನ್ ಮಾಡುತ್ತಾರೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಜೋಡಿ ಎಸಳಿನ ಕೆಂಪಿಗೆ ಎರಡು ಕೊಂಬಿನ ಕಾಯಿ ಕಟ್ಟಿತ್ತು. ಒಡೆದು ಹಾರದಂತೆ ದಾರ ಸುತ್ತಿ 50 ಬೀಜ ಹಾಕಿದೆ. 38 ಮೊಳೆತವು. ಹೂ ಬಿಟ್ಟಾಗ ನೋಡಿದರೆ ಹೆಚ್ಚಿನವು ಒಂಟಿ ಎಸಳಿನ ಗುಲಾಬಿ ಬಣ್ಣ. ಅದೇ ಕೆಂಪು ಬೇಕಾದರೆ ಕಸಿಯೇ ಗತಿ ಅಂತ ಬ್ಲೇಡು ಹಿಡಿದೆ. ಮೊದಲ 20ರಲ್ಲಿ 7 ಹಿಡಿದವು. ಈಗ 20ಕ್ಕೆ 15 ಹಿಡಿಯುತ್ತವೆ, ನಮ್ಮ ಕಡೆ ನನ್ನಷ್ಟು ಚೊಕ್ಕ ಕಸಿ ಮಾಡುವವರು ಕಡಿಮೆ. ಹಳದಿ ಅಂಚಿನ ಹಾವಿನ ಗಿಡದ ಎಲೆ ತುಂಡು ನೆಟ್ಟು ಕೊಟ್ಟದ್ದು ಮಾತ್ರ ಸೋತಿತು. ಬಂದ ಮರಿಯೆಲ್ಲ ಬರೀ ಹಸಿರು. ಅದಕ್ಕೆ ಬುಡ ಸೀಳಿಯೇ ಕೊಡಬೇಕು.

ಕಳ್ಳಿಗಳಿಗೆ ಈ ಪದ್ಧತಿ ಬೇಕಾಗಲಿಲ್ಲ. ಗೊತ್ತಿದ್ದವರೇ ಕೇಳಿ ಒಯ್ದರು.

ಈಗ ಮಾಳಿಗೆ ಮೇಲೆ 30 ಚಿಲ್ಲರೆ ಉಳಿದಿವೆ. ಮುಳುಗಡೆ ಮನೆಯ 7 ಗಿಡಗಳನ್ನು ಕೊಡುವುದಿಲ್ಲ, ಅವುಗಳ ಕಸಿ ಕೊಡುತ್ತೇನೆ. ಹೆಂಡತಿಯ ತಮ್ಮನೂ ಈ ಸಲ 500 ಕೊಟ್ಟು ಒಂದಕ್ಕೆ ಹೆಸರು ಬರೆಸಿದ್ದಾನೆ. ಉಳಿದವು ಫೆಬ್ರವರಿ ಎರಡನೆಯ ವಾರ ಬೇರು ತೊಳೆದು ಸಿದ್ಧ ಇರುತ್ತವೆ. ಬರುವವರು ಒಂದು ಕೈಚೀಲ ತನ್ನಿ. ಕುಂಡ ಕೇಳಬೇಡಿ.