ರೇಸಿನ ಗೋ-ಕಾರ್ಟ್ ಅಡಿಕೆ ತೋಟಕ್ಕೆ ಇಳಿದ ಬಗೆ

ನಮ್ಮ ಮನೆ ಕಾಸರಗೋಡು ಕಡೆಯ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ರಸ್ತೆಯಿಂದ ಒಳಗೆ, ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಹಾಸಿನ ಅಂಚಿನಲ್ಲಿದೆ. ತೋಟ ಇರುವುದು ಕೆಳಗೆ, ತೋಡಿನ ಬದಿಯಲ್ಲಿ. ಕೊಯ್ದ ಅಡಿಕೆ ಗೊನೆ ಅಂಗಳ ತಲುಪಬೇಕಾದರೆ ಸುಮಾರು 400 ಮೀಟರ್ ಏರುದಾರಿಯನ್ನು ತಲೆಹೊರೆಯಲ್ಲೇ ಹತ್ತಬೇಕಿತ್ತು. ಜೀಪು ಇಳಿಸುವಷ್ಟು ದಾರಿ ಅಗಲವಿಲ್ಲ, ಕೈಗಾಡಿಯನ್ನು ತಳ್ಳಿ ಏರಿಸುವಷ್ಟು ಜನವೂ ಈಗ ಸಿಗುವುದಿಲ್ಲ. ಈ ಕಷ್ಟದಲ್ಲಿದ್ದಾಗಲೇ ಕೊಯಮತ್ತೂರಿನ ಗುಜರಿ ಅಂಗಡಿಯೊಂದರಲ್ಲಿ ಎಂಜಿನ್ ಕಳಚಿಟ್ಟ ರೇಸಿನ ಗೋ-ಕಾರ್ಟ್, ಅಂದರೆ ನೆಲಕ್ಕೆ ಅಂಟಿದಂತಿರುವ ನಾಲ್ಕು ಚಕ್ರದ ಪುಟ್ಟ ಗಾಡಿ, ಒಂದು ನನ್ನ ಕಣ್ಣಿಗೆ ಬಿತ್ತು. ಸ್ಟಿಯರಿಂಗ್, ಬ್ರೇಕು, ಹಿಂದಿನ ಆಕ್ಸಲ್ ಎಲ್ಲವೂ ಸರಿಯಾಗಿದ್ದವು. ಎಂಜಿನ್ ಇಲ್ಲದ್ದು ನನಗೆ ಕೊರತೆಯಾಗಿ ಕಾಣಲಿಲ್ಲ, ಏಕೆಂದರೆ ನಮ್ಮ ಕೊಟ್ಟಿಗೆಯ ಅಟ್ಟದ ಕೆಳಗೆ ಹಳೆಯ ಸೀಮೆಎಣ್ಣೆ ಪಂಪಿನ ಮೂರು ಎಂಜಿನ್‌ಗಳು ಬಿದ್ದಿದ್ದವು.

ನಮ್ಮ ಕಡೆ ಸುರಂಗದ (ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಾವಿಯ) ನೀರು ಸಾಲದ ತೋಟಗಳಿಗೆಲ್ಲ ಒಂದು ಕಾಲದಲ್ಲಿ ಈ ಪಂಪುಗಳೇ ಆಧಾರವಾಗಿದ್ದವು. ತೋಟಕ್ಕೆ ವಿದ್ಯುತ್ ತಂತಿ ಬಂದ ಮೇಲೆ, ಸೀಮೆಎಣ್ಣೆಯೂ ಸಿಗದಂತಾದ ಮೇಲೆ, ಅವು ಒಂದೊಂದಾಗಿ ಮೂಲೆ ಸೇರಿದವು. ಪಂಪಿನ ಎಂಜಿನ್ನನ್ನು ರೇಸಿನ ಗಾಡಿಗೆ ಹಾಕುವುದು ಕೆಲವರಿಗೆ ಅಪಚಾರವೆನಿಸಬಹುದು. ಆದರೆ 1956ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರ್ಟ್ ಇಂಗೆಲ್ಸ್ ಕಟ್ಟಿದ ಮೊತ್ತಮೊದಲ ಕಾರ್ಟಿನಲ್ಲಿ ಇದ್ದದ್ದು ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್. ಹಾಗಾಗಿ ಈ ಜೋಡಿಯಲ್ಲಿ ಅಸಹಜವಾದದ್ದೇನೂ ನನಗೆ ಕಾಣಲಿಲ್ಲ.

ಎಂಜಿನ್ ಕೆಲಸವನ್ನೇ ಮೊದಲು ಹಿಡಿದೆ. ಮೂರರಲ್ಲಿ ಒಂದು ತಿರುಗುತ್ತಿತ್ತು, ಎರಡು ಕಚ್ಚಿಕೊಂಡಿದ್ದವು. ತಿರುಗುವುದನ್ನು ಹಗ್ಗ ಎಳೆದು ನೋಡಲು ಹೊರಟವನನ್ನು, ಹಿಂದೆ ಊರಿನ ಪಂಪುಗಳನ್ನೆಲ್ಲ ರಿಪೇರಿ ಮಾಡುತ್ತಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರು ತಡೆದರು. "ಹಗ್ಗಕ್ಕೆ ಕೈ ಹಾಕಬೇಡಿ ಮಾರಾಯ್ರೆ, ಮೊದಲು ಅದಕ್ಕೆ ಎಣ್ಣೆ ಕುಡಿಸಿ" ಎಂದರು. ಆ ಮಾತು ನನಗೆ ಬಹಳ ಉಪಕಾರ ಮಾಡಿತು. ವರ್ಷಗಟ್ಟಲೆ ಸುಮ್ಮನೆ ಕುಳಿತ ಎಂಜಿನ್ನಿನ ಸಿಲಿಂಡರಿನ ಗೋಡೆಯಲ್ಲಿ ತೆಳುವಾದ ತುಕ್ಕಿನ ಪದರ ಇದ್ದೇ ಇರುತ್ತದೆ. ಒಣಗಿದ ಸ್ಥಿತಿಯಲ್ಲೇ ಎಳೆದರೆ ಪಿಸ್ಟನ್ನಿನ ರಿಂಗುಗಳು ಆ ತುಕ್ಕನ್ನು ಗೋಡೆಗೆ ಉಜ್ಜಿ ಗೀರು ಹಾಕುತ್ತವೆ. ನಾನು ಪ್ಲಗ್ಗನ್ನು ಬಿಚ್ಚಿ, ಅರ್ಧ ಡೀಸೆಲ್, ಅರ್ಧ ಎಂಜಿನ್ ಆಯಿಲ್ ಬೆರೆಸಿ ಆ ತೂತಿನಿಂದ ಒಳಗೆ ಹೊಯ್ದು, ದಿನಕ್ಕೊಮ್ಮೆ ಫ್ಲೈವೀಲನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೂ ಮುಂದಕ್ಕೂ ನಯವಾಗಿ ಅಲುಗಿಸುತ್ತ ಒಂದು ವಾರ ಕಾದೆ.

ತಿರುಗುವ ಎಂಜಿನ್ ಸುಲಭವಾಗಿ ತಿರುಗುತ್ತಿದ್ದುದೇ ಅದರ ರೋಗದ ಗುರುತಾಗಿತ್ತು. ಅದಕ್ಕೆ ಕಂಪ್ರೆಷನ್ನೇ, ಅಂದರೆ ಸಿಲಿಂಡರಿನೊಳಗೆ ಗಾಳಿಯನ್ನು ಒತ್ತಿ ಹಿಡಿಯುವ ಬಿಗಿಯೇ, ಇರಲಿಲ್ಲ. ಇವು ಸೈಡ್ ವಾಲ್ವಿನ ಎಂಜಿನ್‌ಗಳಾದ್ದರಿಂದ ಹೆಡ್ಡಿನ ಬೋಲ್ಟುಗಳನ್ನು ಬಿಚ್ಚಿದರೆ ಸಾಕು, ಸಿಲಿಂಡರಿನ ಪಕ್ಕದಲ್ಲೇ ಎರಡೂ ವಾಲ್ವುಗಳು ಕಣ್ಣಿಗೆ ಬೀಳುತ್ತವೆ. ಹೊಗೆಯ ಕಡೆಯ ವಾಲ್ವು ಅರ್ಧ ತೆರೆದುಕೊಂಡೇ ಅಂಟಿ ನಿಂತಿತ್ತು. ಹೆಡ್ಡಿನ ಒಳಗೆ ಸೀಮೆಎಣ್ಣೆಯ ಮಸಿ ಒಂದು ದಪ್ಪ ನಾಣ್ಯದಷ್ಟು ಗಟ್ಟಿಯಾಗಿ ಕೂತಿತ್ತು. ಅಲ್ಯೂಮಿನಿಯಂ ಹೆಡ್ಡನ್ನು ಸ್ಕ್ರೂಡ್ರೈವರಿನಿಂದ ಕೆರೆಯಬಾರದು. ಒಣಗಿದ ಅಡಿಕೆ ಮರದ ಸಿಗಿಯನ್ನು ಉಳಿಯಂತೆ ಕೆತ್ತಿಕೊಂಡು ನಾನು ಕೆರೆದೆ. ಮಸಿ ಚಕ್ಕೆ ಚಕ್ಕೆಯಾಗಿ ಎದ್ದು ಬಂತು, ಲೋಹದ ಮೇಲೆ ಒಂದು ಗೆರೆಯೂ ಬೀಳಲಿಲ್ಲ. ವಾಲ್ವನ್ನು ಹೊರತೆಗೆದು, ಅದರ ಕಾಂಡವನ್ನು ನುಣುಪು ಮಾಡಿ, ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಅದರ ಕುಳಿಯಲ್ಲೇ ತಿರುಗಿಸಿ ತಿರುಗಿಸಿ ಕೂರಿಸಿದೆ. ಸುತ್ತಲೂ ಕಡಿಯದೆ ಓಡುವ ಒಂದು ಬೂದುಬಣ್ಣದ ಉಂಗುರ ಮೂಡಿದರೆ ವಾಲ್ವು ಸರಿಯಾಗಿ ಕೂತಂತೆ. ಆದರೂ ಪೋರ್ಟಿಗೆ ಸ್ವಲ್ಪ ಪೆಟ್ರೋಲ್ ಹೊಯ್ದು, ಐದು ನಿಮಿಷ ಬಿಟ್ಟು, ಸೋರುತ್ತದೆಯೇ ಎಂದು ನೋಡಿದ ಮೇಲೆಯೇ ಹೆಡ್ಡನ್ನು ಮುಚ್ಚಿದೆ.

ಕಿಡಿಯದ್ದು ಬೇರೆ ಕಥೆ. ಫ್ಲೈವೀಲಿನ ಅಡಿಯಲ್ಲಿ, ಕೂಡಿ ಬಿಡುತ್ತ ಕಿಡಿ ಹುಟ್ಟಿಸುವ ಪಾಯಿಂಟುಗಳಲ್ಲಿ ಬಿಳಿ ಹುಡಿ ಕಟ್ಟಿತ್ತು. ನುಣ್ಣನೆಯ ಸ್ಯಾಂಡ್ ಪೇಪರನ್ನು ಮಡಚಿ ಎರಡರ ನಡುವೆ ಎಳೆದು, ಕೊನೆಗೆ ಬಿಳಿ ಕಾಗದದ ಚೂರನ್ನು ಎಳೆದು ಒರೆಸಿ, ಫೀಲರ್ ಗೇಜಿನಿಂದ 0.4 ಮಿಲಿಮೀಟರ್ ಅಂತರ ಇಟ್ಟೆ. ಕಿಡಿ ಬಂತು, ಆದರೆ ಹಳದಿಯಾಗಿ, ನಿಶ್ಶಕ್ತವಾಗಿ ಬಂತು. ಕಂಡೆನ್ಸರು ಬದಲಿಸಿದ ಮೇಲೆ ಅದು ನೀಲಿಗೆ ತಿರುಗಿತು. ಕಾರ್ಬರೇಟರಿನ ಬಟ್ಟಲಿನಲ್ಲಿ ಹಳೆಯ ಸೀಮೆಎಣ್ಣೆ ಅಂಟಿನಂತೆ ಒಣಗಿತ್ತು. ಈ ಎಂಜಿನ್‌ಗಳನ್ನು ಪೆಟ್ರೋಲಿನಲ್ಲಿ ಚಾಲೂ ಮಾಡಿ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದು, ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತಿರುಗಿಸುವುದು ಕ್ರಮ. ಕೊನೆಯ ದಿನ ಅದನ್ನು ನಿಲ್ಲಿಸಿದವರು ಆ ಎರಡನೆಯ ಕೆಲಸವನ್ನು ಮರೆತಿದ್ದರೆಂದು ತೋರುತ್ತದೆ. ಜೆಟ್ಟನ್ನು ಉಕ್ಕಿನ ಸೂಜಿಯಿಂದ ಚುಚ್ಚದೆ, ವಿದ್ಯುತ್ ವಯರಿನ ಒಂದು ಎಳೆ ತಾಮ್ರದಿಂದ ತೆರವು ಮಾಡಿದೆ. ಜೆಟ್ಟಿನ ತೂತು ಒಂದು ಕೂದಲಿನಷ್ಟು ದೊಡ್ಡದಾದರೂ ಎಂಜಿನ್ ಜೀವಮಾನವಿಡೀ ಹೆಚ್ಚು ಎಣ್ಣೆ ಕುಡಿಯುತ್ತದೆ. ಈಗ ಅದು ಪೆಟ್ರೋಲಿನಲ್ಲೇ ಓಡುತ್ತದೆ.

ಪಂಪಿನ ಎಂಜಿನ್ನಿನ ವೇಗವನ್ನು ಮಿತಿಯಲ್ಲಿಡುವ ಗವರ್ನರನ್ನು ನಾನು ತೆಗೆಯಲಿಲ್ಲ. ಅದನ್ನು ತೆಗೆದರೆ ವೇಗ ಸಿಗುತ್ತದೆ ಎಂದು ಹೇಳುವವರು ಹಲವರಿದ್ದಾರೆ. ಹಳೆಯ ಫ್ಲೈವೀಲನ್ನು ಮಿತಿ ಮೀರಿ ತಿರುಗಿಸಿದರೆ ಅದು ಒಡೆದು ಚೂರಾಗಬಹುದು, ಆ ಚೂರು ಯಾರ ಮೈಗೆ ಹೊಕ್ಕೀತೆಂದು ಹೇಳಲಾಗದು. ಆಕ್ಸಿಲರೇಟರ್ ಪೆಡಲಿನ ತಂತಿಯನ್ನು ಕಾರ್ಬರೇಟರಿಗೆ ನೇರವಾಗಿ ಕಟ್ಟದೆ ಗವರ್ನರಿನ ಸ್ಪ್ರಿಂಗಿಗೆ ಕಟ್ಟಿದೆ. ಇದರಿಂದ ಏರಿನಲ್ಲಿ ಭಾರ ಬಿದ್ದಾಗ ಎಂಜಿನ್ ತಾನೇ ಹೆಚ್ಚು ಎಳೆದುಕೊಂಡು ವೇಗವನ್ನು ಕಾಯ್ದುಕೊಳ್ಳುತ್ತದೆ.

ಇನ್ನು ಗಾಡಿ. ರೇಸಿನ ಕಾರ್ಟಿಗೆ ಸಸ್ಪೆನ್ಷನ್ ಇಲ್ಲ, ತಿರುವಿನಲ್ಲಿ ಎರಡು ಚಕ್ರಗಳಿಗೆ ಬೇರೆ ಬೇರೆ ವೇಗ ಕೊಡುವ ಡಿಫರೆನ್ಶಿಯಲ್ ಇಲ್ಲ. ಚೇಸಿಸ್ಸು ನೆಲದಿಂದ ನಾಲ್ಕು ಸೆಂಟಿಮೀಟರ್ ಎತ್ತರದಲ್ಲೂ ಇರುವುದಿಲ್ಲ. ನಮ್ಮ ದಾರಿಯ ಮೊದಲ ಮುರಕಲ್ಲಿಗೇ ಅದು ಹೊಟ್ಟೆ ತಾಗಿಸಿ ಕೂರುತ್ತಿತ್ತು. ಆಟೋರಿಕ್ಷಾದ 4.00-8 ಟಯರು ಎಲ್ಲ ಕಡೆ ಸಿಗುತ್ತದೆ, ಪಂಕ್ಚರ್ ಹಾಕುವವರಿಗೂ ಪರಿಚಿತ. ಆದ್ದರಿಂದ ಅದನ್ನೇ ಆರಿಸಿ, ಕಾರ್ಟಿನ ಹಬ್ಬಿಗೂ ಆಟೋ ರಿಮ್ಮಿಗೂ ನಡುವೆ ಕೂರುವ ದಪ್ಪ ಬಿಲ್ಲೆಗಳನ್ನು ಲೇತಿನಲ್ಲಿ ಮಾಡಿಸಿದೆ. ಹಿಂದಿನ ಆಕ್ಸಲಿನ ಬೇರಿಂಗುಗಳನ್ನು ಚೇಸಿಸ್ಸಿನ ಕೆಳಗೆ ಇಳಿಬಿಟ್ಟ ತಗಡುಗಳಿಗೆ ಕೂರಿಸಿದೆ. ಎರಡೂ ಸೇರಿ ಗಾಡಿಯ ಹೊಟ್ಟೆ ಸುಮಾರು 18 ಸೆಂಟಿಮೀಟರ್ ಎತ್ತರಕ್ಕೆ ಬಂತು. ಸೀಟಿನ ಬಳಿ ನಳಿಗೆಯಲ್ಲಿ ಒಂದು ಬಿರುಕು ಇತ್ತು. ಅದರ ಮೇಲೆ ಕೂರಿಸಿದ ತಗಡನ್ನು ವೀಳ್ಯದೆಲೆಯ ಆಕಾರಕ್ಕೆ ಕತ್ತರಿಸಿ ವೆಲ್ಡ್ ಮಾಡಿಸಿದೆ. ಚೌಕವಾಗಿ ಕತ್ತರಿಸಿದ್ದರೆ ವೆಲ್ಡಿಂಗಿನ ಗೆರೆ ನಳಿಗೆಗೆ ಅಡ್ಡವಾಗಿ ಬಿದ್ದು, ಮುಂದಿನ ಬಿರುಕು ಅಲ್ಲಿಂದಲೇ ಹುಟ್ಟುತ್ತಿತ್ತು.

ನನ್ನ ತಲೆಯನ್ನು ಅತಿಯಾಗಿ ತಿಂದದ್ದು ಮುಂದಿನ ಚಕ್ರಗಳು. ಸಸ್ಪೆನ್ಷನ್ ಇಲ್ಲದ ಗಾಡಿ ಉಬ್ಬುತಗ್ಗಿನಲ್ಲಿ ಯಾವಾಗಲೂ ಮೂರು ಚಕ್ರಗಳ ಮೇಲೆಯೇ ನಿಲ್ಲುತ್ತದೆ. ಸ್ಕೂಟರಿನ ಶಾಕ್ ಅಬ್ಸಾರ್ಬರುಗಳನ್ನು ಹಾಕುವ ಲೆಕ್ಕಾಚಾರ ಹಾಕಿ ಹಾಕಿ ಕೈಬಿಟ್ಟೆ. 20 ಕಿಲೋಮೀಟರ್ ವೇಗದ ಗಾಡಿಗೆ ಅದು ಬೇಡ, ಚಕ್ರಗಳು ನೆಲ ಬಿಡದಿದ್ದರೆ ಸಾಕು. ಇದಕ್ಕೆ ಉತ್ತರ ನೆರೆಯವರ ಟ್ರ್ಯಾಕ್ಟರಿನಲ್ಲೇ ಇತ್ತು. ಟ್ರ್ಯಾಕ್ಟರಿನ ಮುಂದಿನ ಆಕ್ಸಲ್ ನಡುವಿನ ಒಂದೇ ಪಿನ್ನಿನ ಮೇಲೆ ತಕ್ಕಡಿಯ ದಂಡದಂತೆ ತೂಗುತ್ತದೆ. ಕಾರ್ಟಿನ ಮುಂದಿನ ಎರಡು ತುದಿಗಳನ್ನು ಕತ್ತರಿಸಿ ಒಂದು ಅಡ್ಡ ತೊಲೆಗೆ ಕೂಡಿಸಿ, ಆ ತೊಲೆಯನ್ನು ನಡುವೆ ಪಿನ್ನು ಹಾಕಿ ತೂಗಿಸಿದೆ. ಒಂದು ಚಕ್ರ ಕಲ್ಲು ಹತ್ತಿದರೂ ಉಳಿದ ಮೂರು ನೆಲ ಬಿಡಲಿಲ್ಲ.

ಆದರೆ ಗಾಡಿ ತಿರುಗುವುದನ್ನೇ ಬಿಟ್ಟಿತು. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದರೂ ಮುರಕಲ್ಲಿನ ಗಟ್ಟಿ ನೆಲದಲ್ಲಿ ನೇರವಾಗಿಯೇ ಜಾರುತ್ತ ಹೋಯಿತು. ಕಾರಣ ಹೊಳೆಯಲು ನನಗೆ ಎರಡು ದಿನ ಬೇಕಾಯಿತು. ಹಿಂದಿನ ಎರಡೂ ಚಕ್ರಗಳು ಒಂದೇ ಆಕ್ಸಲಿಗೆ ಬಿಗಿದಿರುವುದರಿಂದ ತಿರುವಿನಲ್ಲಿ ಎರಡಕ್ಕೂ ಬೇರೆ ಬೇರೆ ವೇಗ ಸಾಧ್ಯವಿಲ್ಲ. ರೇಸಿನ ಕಾರ್ಟಿನಲ್ಲಿ ಸ್ಟಿಯರಿಂಗ್ ತಿರುಗಿಸಿದಾಗ ಮುಂದಿನ ಒಳಚಕ್ರ ನೆಲವನ್ನು ಕೆಳಕ್ಕೆ ಒತ್ತುತ್ತದೆ, ಬಿಗಿಯಾದ ಚೇಸಿಸ್ಸು ಆ ಒತ್ತಡವನ್ನು ಮೂಲೆಯಿಂದ ಮೂಲೆಗೆ ಸಾಗಿಸಿ ಹಿಂದಿನ ಒಳಚಕ್ರವನ್ನು ಎತ್ತುತ್ತದೆ, ಆಗಷ್ಟೇ ಗಾಡಿ ತಿರುಗುತ್ತದೆ. ನನ್ನ ತೂಗುವ ತೊಲೆ ಆ ಒತ್ತಡವನ್ನೆಲ್ಲ ತಾನೇ ನುಂಗಿಬಿಟ್ಟಿತ್ತು.

ಕೊನೆಗೆ ಹಿಂದಿನ ಎಡ ಹಬ್ಬನ್ನು ಆಕ್ಸಲಿನಿಂದ ಬಿಡಿಸಿ, ಬೇರಿಂಗಿನ ಮೇಲೆ ಸ್ವತಂತ್ರವಾಗಿ ತಿರುಗುವಂತೆ ಮಾಡಿದೆ. ಜೊತೆಗೆ ಹಬ್ಬಿಗೂ ಆಕ್ಸಲಿಗೂ ಅಡ್ಡಲಾಗಿ ಒಂದು ತೂತು ಕೊರೆಸಿ ಬೆರಳು ದಪ್ಪದ ಪಿನ್ನು ಇಟ್ಟೆ. ಪಿನ್ನು ಹಾಕಿದರೆ ಎರಡೂ ಚಕ್ರಗಳು ಎಳೆಯುತ್ತವೆ, ತೆಗೆದರೆ ಬಲದ್ದು ಮಾತ್ರ. ಸಮತಟ್ಟಾದ ಗಟ್ಟಿ ನೆಲದಲ್ಲಿ ಪಿನ್ನು ಬೇಡ, ಕೆಸರಿನ ಏರಿನಲ್ಲಿ ಬೇಕು. ಇಳಿಯುವಾಗಲೂ ಅದು ಬೇಕೇ ಬೇಕು, ಏಕೆಂದರೆ ಕಾರ್ಟಿನ ಬ್ರೇಕ್ ಡಿಸ್ಕ್ ಇರುವುದು ಆಕ್ಸಲಿನ ಮೇಲೆ. ಪಿನ್ನು ಇಲ್ಲದಿದ್ದರೆ ಎಡಚಕ್ರಕ್ಕೆ ಬ್ರೇಕೇ ಇಲ್ಲ. ಈ ಗಾಡಿಯನ್ನು ಬೇರೆ ಯಾರ ಕೈಗೆ ಕೊಡುವಾಗಲೂ ನಾನು ಮೊದಲು ಹೇಳುವ ಮಾತು ಇದೇ.

ಗೇರಿನ ಲೆಕ್ಕ ಸರಳ. ಟಯರಿನ ಒಂದು ಸುತ್ತಿಗೆ ಸುಮಾರು 1.3 ಮೀಟರ್. ಎಂಜಿನ್ ನಿಮಿಷಕ್ಕೆ 3,600 ಸುತ್ತು ತಿರುಗುವಾಗ ಗಂಟೆಗೆ 20 ಕಿಲೋಮೀಟರ್ ಆಸುಪಾಸು ವೇಗ ಬರಬೇಕಾದರೆ 13.5ಕ್ಕೆ ಒಂದರಂತೆ ಇಳಿಸಬೇಕು. ಒಂದೇ ಚೈನಿನಲ್ಲಿ ಅಷ್ಟು ಇಳಿಸುವುದಕ್ಕೆ ಹಿಂದಿನ ಸ್ಪ್ರಾಕೆಟ್ ಟಯರಿಗಿಂತಲೂ ದೊಡ್ಡದಾಗಬೇಕು. ಆದ್ದರಿಂದ ನಡುವೆ ಒಂದು ಶಾಫ್ಟ್ ಇಟ್ಟು, ಮೊದಲು 12ರಿಂದ 36 ಹಲ್ಲಿಗೆ, ಅಲ್ಲಿಂದ 12ರಿಂದ 54 ಹಲ್ಲಿಗೆ, ಬೈಕಿನ ಚೈನಿನಲ್ಲೇ ಇಳಿಸಿದೆ. ಎಂಜಿನ್ನಿನ ಶಾಫ್ಟಿನ ತುದಿಯಲ್ಲಿ ಪಂಪಿನ ಚಕ್ರಕ್ಕೆಂದು ತಿರುಪಿನ ಮರೆ (ಥ್ರೆಡ್) ಕೊರೆದಿದ್ದರು. ಅದನ್ನು ಲೇತಿನಲ್ಲಿ ನುಣುಪು ಮಾಡಿಸಿ, ಕೀ ಕೂರುವ ಗಾಡು ತೋಡಿಸಿ, ಅಲ್ಲಿ ವೇಗ ಏರಿದಾಗ ತಾನೇ ಕಚ್ಚಿಕೊಳ್ಳುವ ಸೆಂಟ್ರಿಫ್ಯೂಗಲ್ ಕ್ಲಚ್ಚನ್ನು ಕೂರಿಸಿದೆ. ಚೈನಿಗೆ ಹಳೆಯ ಡ್ರಮ್ಮಿನ ತಗಡಿನಿಂದ ಪೂರ್ತಿ ಮುಚ್ಚಳ ಮಾಡಿಸಿದೆ. ತೋಟದಲ್ಲಿ ಎಲ್ಲರೂ ಮುಂಡು ಉಟ್ಟೇ ಕೆಲಸ ಮಾಡುವುದರಿಂದ ಈ ಒಂದು ವಿಷಯದಲ್ಲಿ ರಾಜಿ ಮಾಡಿಕೊಳ್ಳುವಂತಿರಲಿಲ್ಲ.

ಎರಡನೆಯ ತಿಂಗಳಿನಲ್ಲಿ ಆ ಎಂಜಿನ್ ಸತ್ತಿತು. ಗೊನೆ ಹೇರಿಕೊಂಡು ಏರುತ್ತಿದ್ದಾಗ ಸುತ್ತಿಗೆ ಬಡಿದಂತೆ ಎರಡು ಸದ್ದು ಕೇಳಿಸಿತು, ಮೂರನೆಯದಕ್ಕೆ ಅದು ನಿಂತಿತು. ಬಿಚ್ಚಿ ನೋಡಿದರೆ ಕನೆಕ್ಟಿಂಗ್ ರಾಡು ಮುರಿದಿತ್ತು. ಈ ಎಂಜಿನ್‌ಗಳಲ್ಲಿ ಆಯಿಲ್ ಪಂಪು ಇಲ್ಲ. ರಾಡಿನ ತುದಿಯ ಒಂದು ಸಣ್ಣ ನಾಲಗೆ ತಳದ ಎಣ್ಣೆಯನ್ನು ಚಿಮುಕಿಸುವುದೇ ಅವಕ್ಕೆ ಎಣ್ಣೆಯ ದಾರಿ. ಸಮನೆಲದಲ್ಲಿ ಕುಳಿತು ನೀರೆತ್ತಬೇಕಾದ ಯಂತ್ರ ಏರಿನಲ್ಲಿ ವಾಲಿದಾಗ ಎಣ್ಣೆಯೆಲ್ಲ ಒಂದು ಬದಿಗೆ ಸೇರಿತು, ನಾಲಗೆಗೆ ಎಟುಕಲಿಲ್ಲ. ಎಣ್ಣೆಯ ಮಟ್ಟ ಸ್ವಲ್ಪ ಇಳಿದಿದ್ದುದನ್ನು ಆ ಬೆಳಿಗ್ಗೆ ನಾನು ನೋಡಿರಲಿಲ್ಲ. ಅಷ್ಟು ಕಷ್ಟಪಟ್ಟು ಎಬ್ಬಿಸಿದ ಎಂಜಿನ್ನನ್ನು ನನ್ನ ಕೈಯಾರೆ ಕಳೆದುಕೊಂಡ ನೋವು ಈಗಲೂ ಆರಿಲ್ಲ.

ಕಚ್ಚಿಕೊಂಡಿದ್ದ ಎರಡರಲ್ಲಿ ಒಂದನ್ನು ಬಿಡಿಸಿ ಕೂರಿಸುವಾಗ ಕೆಳಗೆ ಮರದ ಬೆಣೆಯಂತಹ ಕಬ್ಬಿಣದ ತುಂಡಿಟ್ಟು ಏಳು ಡಿಗ್ರಿಯಷ್ಟು ಮುಂದಕ್ಕೆ ಬಾಗಿಸಿದೆ. ಎಂಜಿನ್ನಿಗೆ ದುಡಿಮೆ ಇರುವುದು ಏರುವಾಗ. ಆಗ ಅದು ಬಹುಮಟ್ಟಿಗೆ ನೇರವಾಗಿ ನಿಲ್ಲುತ್ತದೆ. ಇಳಿಯುವಾಗ ವಾಲಿದರೂ ಭಾರವಿಲ್ಲ. ಪ್ರತಿದಿನ ಚಾಲೂ ಮಾಡುವ ಮೊದಲು ಎಣ್ಣೆಯ ಮಟ್ಟವನ್ನು ತಪ್ಪದೆ ನೋಡುತ್ತೇನೆ. ಬೇಸಗೆಯ ಕೆಂಪು ಹುಡಿಗಾಗಿ ಪಂಪಿನದೇ ಎಣ್ಣೆಬಟ್ಟಲಿನ ಏರ್ ಫಿಲ್ಟರನ್ನು ಉಳಿಸಿಕೊಂಡು ವಾರಕ್ಕೊಮ್ಮೆ ತೊಳೆಯುತ್ತೇನೆ. ಈ ವ್ಯವಸ್ಥೆಯಲ್ಲಿ ಗಾಡಿ ಒಂದು ಕೊಯ್ಲನ್ನು ಪೂರ್ತಿ ಮುಗಿಸಿತು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು 35 ಲೀಟರಿನ ಎರಡು ಕ್ಯಾನುಗಳಲ್ಲಿ ತೋಟಕ್ಕೆ ಇಳಿಸಿತು. ದೊಡ್ಡ ಡ್ರಮ್ಮು ಇಟ್ಟಾಗ ಒಳಗಿನ ದ್ರಾವಣ ಕುಲುಕಿ ತಿರುವಿನಲ್ಲಿ ಗಾಡಿಯನ್ನೇ ಎಳೆಯುತ್ತಿತ್ತು. ಆ ದ್ರಾವಣದಲ್ಲಿರುವ ಮೈಲುತುತ್ತು ಕಬ್ಬಿಣವನ್ನು ಬೇಗ ತಿನ್ನುವುದರಿಂದ ಆ ದಿನಗಳಲ್ಲಿ ಸಂಜೆ ಗಾಡಿ ತೊಳೆಯದೆ ನಾನು ಸ್ನಾನಕ್ಕೆ ಹೋದದ್ದಿಲ್ಲ. ನೋಂದಣಿ ಇಲ್ಲದ ಈ ಗಾಡಿಯನ್ನು ಒಮ್ಮೆಯೂ ರಸ್ತೆಗೆ ಇಳಿಸಿಲ್ಲ.

ಮೂರನೆಯ ಎಂಜಿನ್ನಿನ ಸಿಲಿಂಡರಿನಲ್ಲಿ ಈಗ ಡೀಸೆಲ್ ಮತ್ತು ಎಣ್ಣೆ ನಿಂತಿದೆ. ಹತ್ತೊಂಬತ್ತನೆಯ ದಿನವಾದ ನಿನ್ನೆ ಫ್ಲೈವೀಲ್ ಒಂದು ಬೆರಳಿನ ಅಗಲದಷ್ಟು ಹಿಂದಕ್ಕೆ ಸರಿಯಿತು. ಅಷ್ಟಕ್ಕೇ ಬಿಟ್ಟು, ಪ್ಲಗ್ಗಿನ ತೂತಿನಿಂದ ಇನ್ನೊಂದು ಚಮಚ ಎಣ್ಣೆ ಹಾಕಿ ಗೋಣಿ ಮುಚ್ಚಿ ಬಂದೆ.