ಕೂಡಿಸಬೇಕಾ, ಕಳಿಬೇಕಾ ಸರ್?

ಸಿಂಧನೂರು ತಾಲೂಕಿನ ಒಂದು ಊರಲ್ಲಿ ಆರು, ಏಳು, ಎಂಟನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಹೇಳಿಕೆ ಲೆಕ್ಕ ಬಂತೆಂದರೆ ಮಕ್ಕಳ ಬಾಯಲ್ಲಿ ಬರೋದು ಒಂದೇ ಪ್ರಶ್ನೆ: "ಸರ್, ಕೂಡಿಸಬೇಕಾ, ಕಳಿಬೇಕಾ?" ಇವರಿಗೆ ಲೆಕ್ಕ ಬರೋದಿಲ್ಲ ಅಂತಲ್ಲ. ಮೂರಂಕಿಯ ಗುಣಾಕಾರ ಸಲೀಸಾಗಿ ಮಾಡುತ್ತಾರೆ. ಅದೇ ಅಂಕಿಗಳು ನಾಲ್ಕು ಸಾಲಿನ ಮಾತಿನ ನಡುವೆ ಬಂದರೆ ಕೈ ನಿಂತುಬಿಡುತ್ತದೆ.

ಮೊದಮೊದಲು ನಾನೇ ಒಂದು ತಪ್ಪು ಮಾಡಿದೆ. 'ಒಟ್ಟು', 'ಹೆಚ್ಚು' ಅಂತ ಇದ್ದರೆ ಕೂಡಿಸಿ, 'ಉಳಿದ', 'ಕಡಿಮೆ' ಅಂತ ಇದ್ದರೆ ಕಳೆಯಿರಿ ಎಂದು ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟೆ. ಮಕ್ಕಳು ಬಾಯಿಪಾಠ ಮಾಡಿದರು. ಆಮೇಲೊಂದು ದಿನ ಈ ಲೆಕ್ಕ ಕೊಟ್ಟೆ: "ರಾಜ 48 ಚೀಲ ಭತ್ತ ಬೆಳೆದ. ಅದು ಬಸವ ಬೆಳೆದದ್ದಕ್ಕಿಂತ 12 ಚೀಲ ಹೆಚ್ಚು. ಬಸವ ಬೆಳೆದದ್ದು ಎಷ್ಟು?" ಹೆಚ್ಚಿನವರು 60 ಎಂದು ಬರೆದರು. ಯಾರೂ ಲೆಕ್ಕ ಓದಿರಲಿಲ್ಲ, 'ಹೆಚ್ಚು' ಅನ್ನೋ ಪದ ಹುಡುಕಿದ್ದರು ಅಷ್ಟೇ. ಹುಡುಕೋದನ್ನ ಕಲಿಸಿದ್ದು ನಾನು. ಅವತ್ತೇ ಆ ಪಟ್ಟಿ ಅಳಿಸಿದೆ.

ಈಗ ಮೊದಲು ಅಂಕಿ ಬರೆಯುವುದೇ ಇಲ್ಲ. 48, 12 ಇರುವ ಜಾಗ ಖಾಲಿ ಬಿಟ್ಟು ಲೆಕ್ಕ ಬರೆಯುತ್ತೇನೆ. ಕೂಡಿಸೋಕೆ ಏನೂ ಇಲ್ಲದಾಗ ಮಕ್ಕಳು ಓದಲೇಬೇಕು, ಅಲ್ವಾ? "ಏನಾಯ್ತು ಹೇಳಿ" ಅಂತ ಕೇಳುತ್ತೇನೆ. ಇಬ್ಬರು ಭತ್ತ ಬೆಳೆದರು. ಜಾಸ್ತಿ ಯಾರದು? ಇಲ್ಲಿ ಜಗಳ ಶುರು. ಅರ್ಧ ಜನ ಬಸವ ಅನ್ನುತ್ತಾರೆ, ಅರ್ಧ ಜನ ರಾಜ. ಆಗ 'ಅದು' ಅನ್ನೋ ಪದದ ಮೇಲೆ ಬೆರಳಿಟ್ಟು ಕೇಳುತ್ತೇನೆ, ಅದು ಅಂದ್ರೆ ಯಾವುದು? ರಾಜನ ಭತ್ತ. ಆಮೇಲೆ 'ಗಿಂತ'. ಗಿಂತ ಯಾರಿಗೆ ಅಂಟಿಕೊಂಡಿದೆಯೋ ಅವರಿಂದ ಅಳತೆ ಶುರು. ಬಸವನಿಗೆ ಅಂಟಿದೆ. ಹಾಗಾದರೆ ಬಸವನದು ಗಿಡ್ಡ ಗೆರೆ, ರಾಜನದು ಅದರ ಕೆಳಗೆ ಉದ್ದ ಗೆರೆ. ಮುಂದೆ ಚಾಚಿಕೊಂಡ ತುಂಡು 12. ಗೆರೆ ಎಳೆದ ಮೇಲೆ ಕೂಡಿಸಬೇಕಾ ಅಂತ ಕೇಳುವವರು ಕಡಿಮೆ. 36 ಬಂದ ಮೇಲೂ ಬಿಡುವುದಿಲ್ಲ. ಆ 36 ಅನ್ನು ವಾಪಸ್ ಲೆಕ್ಕದೊಳಗೆ ಇಟ್ಟು ಓದಿಸುತ್ತೇನೆ. 36ಕ್ಕಿಂತ 12 ಹೆಚ್ಚು 48. ಇದಕ್ಕೆ ಅರ್ಧ ನಿಮಿಷ ಸಾಕು.

ಒಂದು ಲೆಕ್ಕಕ್ಕೆ ಪೂರ್ತಿ ಪಿರಿಯಡ್ ಹೋಗುತ್ತದೆ, ನಿಜ. ಸಿಲಬಸ್ ಮುಗಿಸುವ ಚಿಂತೆ ನನಗೂ ಇದೆ. ಆದರೂ ಹತ್ತು ಲೆಕ್ಕ ಬಿಡಿಸಿ ತೋರಿಸಿ, ಅವರು ಸುಮ್ನೆ ನಕಲು ಮಾಡಿಕೊಳ್ಳೋದಕ್ಕಿಂತ ಇದೇ ಮೇಲು ಅನ್ನೋದು ನನ್ನ ಖಚಿತ ಅಭಿಪ್ರಾಯ.

ಏಕಮಾನ ಪದ್ಧತಿ, ಅಂದರೆ ಮೊದಲು ಒಂದರ ಬೆಲೆ ಕಂಡುಹಿಡಿದು ಅದರಿಂದ ಬೇಕಾದಷ್ಟರ ಬೆಲೆ ತೆಗೆಯೋದು, ಕಲಿಸುವಾಗ ಊರಿನ ಲೆಕ್ಕವನ್ನೇ ಹಿಡಿದೆ. ನಮ್ಮ ಕಡೆ ಭತ್ತದ ರೇಟು ಮಾತಾಡೋದು 75 ಕೆಜಿ ಚೀಲದ ಮೇಲೆ. ಪುಸ್ತಕದಲ್ಲಿ ಇರೋದು ಕ್ವಿಂಟಾಲ್. "ಚೀಲಕ್ಕೆ 1,650 ರೂಪಾಯಿ ಆದರೆ ಕ್ವಿಂಟಾಲ್‌ಗೆ ಎಷ್ಟು?" ಅಂತ ಕೇಳಿದೆ. ನಾನು ಬೋರ್ಡಿನ ಮೇಲೆ 1,650 ಅನ್ನು 75ರಿಂದ ಭಾಗಿಸಿ, ಕೆಜಿಗೆ 22 ರೂಪಾಯಿ ಅಂತ ಬರೆಯುತ್ತಿದ್ದೆ. ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗ "2,200 ಸರ್" ಅಂದ. ನೋಟ್‌ಬುಕ್ ತೆರೆದೇ ಇರಲಿಲ್ಲ. ಹೇಗೆ ಬಂತಪ್ಪಾ ಅಂದೆ.

"ಚೀಲ ಅಂದ್ರ ಮುಕ್ಕಾಲು ಕ್ವಿಂಟಾಲ್ ಸರ್. ಮೂರು ಪಾಲಿಗೆ 1,650 ಅಂದ್ರ ಒಂದು ಪಾಲಿಗೆ 550. ಇನ್ನೊಂದು ಪಾಲು ಸೇರಿಸಿದೆ."

ಚಾಕ್‌ಪೀಸ್ ಅವನ ಕೈಗೆ ಕೊಟ್ಟೆ. ಉದ್ದ ಗೆರೆ ಎಳೆದು ನಾಲ್ಕು ಪಾಲು ಮಾಡಿದ. ಮೂರರ ಕೆಳಗೆ 'ಚೀಲ' ಅಂತ ಬರೆದ. ಬೆಂಚಿಗೆ ವಾಪಸ್ ಹೋಗುವಾಗ ತಿರುಗಿ ಕೇಳಿದ: "ಹಂಗಾದ್ರ ನಾಲ್ಕು ಚೀಲ ಅಂದ್ರ ಮೂರು ಕ್ವಿಂಟಾಲಾ ಸರ್?" ಮುಂದಿನ ಲೆಕ್ಕ ಅಂತ ನಾನು ಬರೆದಿಟ್ಟಿದ್ದನ್ನು ಅಳಿಸಿ, ಅವನ ಪ್ರಶ್ನೆಯನ್ನೇ ಬೋರ್ಡಿನ ಮೇಲೆ ಬರೆದೆ.