ಆಮೆ ಕಟ್ಟೆ ಹತ್ತುತ್ತಿಲ್ವಾ? ಮೊದಲು ನೀರು ಮುಟ್ಟಿ ನೋಡಿ

ಪುನರ್ವಸು ಮಳೆ ಹಿಡಿಯಿತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ವಾರಗಟ್ಟಲೆ ಬಿಸಿಲಿನ ಮುಖ ಕಾಣುವುದಿಲ್ಲ. ಬಟ್ಟೆ ಒಣಗುವುದಿಲ್ಲ, ಗೋಡೆ ಒಸರುತ್ತದೆ. ಮನೆಯಲ್ಲಿ ಟ್ಯಾಂಕ್ ಇಟ್ಟು ಆಮೆ ಸಾಕಿದವರ ದೂರು ಶುರುವಾಗುವುದೂ ಆಗಲೇ: ‘ಕಲ್ಲು ಇಟ್ಟಿದ್ದೇವೆ, ಲೈಟ್ ಹಾಕಿದ್ದೇವೆ, ಆದರೂ ಮೇಲೆ ಬರಲ್ಲ. ಇಡೀ ದಿನ ನೀರಿನಲ್ಲೇ ಬಿದ್ದಿರುತ್ತೆ.’

ಇಲ್ಲಿ ಹೇಳುತ್ತಿರುವುದು ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರುವ ರೆಡ್ ಇಯರ್ಡ್ ಸ್ಲೈಡರ್ ಆಮೆಯ ಬಗ್ಗೆ. ಅಮೆರಿಕದ ಮಿಸಿಸಿಪ್ಪಿ ನದಿಯ ಕಡೆಯದ್ದು, ಅಕ್ವೇರಿಯಂ ಅಂಗಡಿಗಳ ಮೂಲಕ ನಮ್ಮೂರಿಗೆ ಬಂದಿದೆ. ಗದ್ದೆ ಬದುವಿನಲ್ಲೋ ಕೆರೆ ಏರಿಯಲ್ಲೋ ಸಿಕ್ಕ ನಮ್ಮ ಆಮೆಯನ್ನು ತಂದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಅದನ್ನು ಅಲ್ಲೇ ಬಿಟ್ಟುಬಿಡಿ.

ಆಮೆಗೆ ನಮ್ಮ ಹಾಗೆ ಒಳಗಿನಿಂದ ಮೈ ಬಿಸಿ ಮಾಡಿಕೊಳ್ಳಲು ಬರುವುದಿಲ್ಲ. ಹೊರಗಿನ ಶಾಖವೇ ಗತಿ. ಅದಕ್ಕೇ ಅದು ನೀರಿನಿಂದ ಮೇಲೆ ಬಂದು ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತದೆ. ಟ್ಯಾಂಕಿನಲ್ಲಿ ಹಾಗೆ ಹತ್ತಿ ಕೂರಲು ಮಾಡಿಕೊಡುವ ಒಣ ಜಾಗವೇ ಕಟ್ಟೆ, ಬಿಸಿಲಿನ ಬದಲಿಗೆ ದೀಪ. ಮೈ ಬೆಚ್ಚಗಾದರೆ ತಿಂದಿದ್ದು ಜೀರ್ಣವಾಗುತ್ತದೆ. ಚಿಪ್ಪು ಪೂರ್ತಿ ಒಣಗಿದರೆ ಪಾಚಿ, ಶಿಲೀಂಧ್ರ ಕೂರುವುದಿಲ್ಲ. ಬಿಸಿಲಿನಲ್ಲಿರುವ ಯುವಿಬಿ ಕಿರಣ ಚರ್ಮಕ್ಕೆ ಬಿದ್ದರೆ ಡಿ3 ವಿಟಮಿನ್ ತಯಾರಾಗುತ್ತದೆ. ಅದಿಲ್ಲದೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ, ಚಿಪ್ಪು ಮೆತ್ತಗಾಗುತ್ತದೆ.

ನೀರು ತಣ್ಣಗಿರಲಿ, ಕಟ್ಟೆ ಬಿಸಿಯಾಗಿರಲಿ

ನನ್ನ ಪ್ರಕಾರ ಅರ್ಧಕ್ಕರ್ಧ ಮನೆಗಳಲ್ಲಿ ತೊಂದರೆ ಇರುವುದು ಇಲ್ಲೇ. ಮಳೆಗಾಲದ ಥಂಡಿಗೆ ಹೆದರಿ ಹೀಟರನ್ನು 29, 30 ಡಿಗ್ರಿಗೆ ಇಟ್ಟಿರುತ್ತಾರೆ. ಬಚ್ಚಲ ಹಂಡೆಯ ಬಿಸಿನೀರಿನಲ್ಲಿ ಮುಳುಗಿ ಕೂತವನು ಎದ್ದು ಬಂದು ಒಲೆ ಮುಂದೆ ಯಾಕೆ ಕೂರುತ್ತಾನೆ?

ಹಾಗಾಗಿ ಮೊದಲ ಕೆಲಸ ಎರಡು ಥರ್ಮಾಮೀಟರ್ ತರುವುದು. ಒಂದು ನೀರಿಗೆ, ಇನ್ನೊಂದು ಕಟ್ಟೆಗೆ. ಬೆಳೆದ ಆಮೆಗೆ ನೀರು 24ರಿಂದ 26 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಮರಿಯಾದರೆ ಒಂದೆರಡು ಡಿಗ್ರಿ ಜಾಸ್ತಿ. ಆಮೆ ಕೂರುವ ಜಾಗ 32 ಡಿಗ್ರಿ ಆಸುಪಾಸಿನಲ್ಲಿರಬೇಕು. ಈ ವ್ಯತ್ಯಾಸ ಇದ್ದರೆ ಅರ್ಧ ಕೆಲಸ ತಾನಾಗಿಯೇ ಆಗುತ್ತದೆ. ನೀರು ಮುಟ್ಟಿದಾಗ ಕೈಗೆ ಹಿತವಾಗಿ ಬೆಚ್ಚಗಿದೆ ಎನಿಸಿದರೆ ಅನುಮಾನ ಪಡಿ, ಆದರೆ ಅಳತೆಗೆ ಕೈ ನಂಬಬೇಡಿ.

ಹೀಟರ್ ಕಡಿಮೆ ಮಾಡುವುದಾದರೆ ದಿನಕ್ಕೆ ಒಂದು ಡಿಗ್ರಿಯಂತೆ ನಿಧಾನವಾಗಿ ಇಳಿಸಿ. ಹಾಗಂತ ಪೂರ್ತಿ ತೆಗೆದುಬಿಡಬೇಡಿ. ನೀರು ತೀರಾ ತಣ್ಣಗಾದರೆ ಆಮೆ ಊಟ ಬಿಟ್ಟು ಮಂಕಾಗುತ್ತದೆ. ಮೂರು ಹೊತ್ತೂ ಕಟ್ಟೆ ಮೇಲೇ ಇದ್ದು ನೀರಿಗೆ ಇಳಿಯುತ್ತಲೇ ಇಲ್ಲವೆಂದರೂ ನೀರು ತಣ್ಣಗಾಗಿರಬಹುದು, ನೋಡಿ.

ಕಟ್ಟೆ ಕಟ್ಟುವುದು

ಆಮೆ ನಾಲ್ಕೂ ಕಾಲು ಊರಿ, ಪೂರ್ತಿ ನೀರಿನಿಂದ ಹೊರಗೆ ಬಂದು, ಒಂದು ಸುತ್ತು ತಿರುಗುವಷ್ಟು ಜಾಗ ಬೇಕು. ಹೊಟ್ಟೆ ಭಾಗ ನೀರಿಗೆ ತಾಗುತ್ತಿದ್ದರೆ ಅದು ಒಣಗಿದ ಲೆಕ್ಕವಲ್ಲ. ಅಂಗಡಿಯಲ್ಲಿ ರಬ್ಬರ್ ಬಟ್ಟಲಿನಿಂದ ಗಾಜಿಗೆ ಅಂಟುವ ಪ್ಲಾಸ್ಟಿಕ್ ಹಲಗೆ ಸಿಗುತ್ತದೆ. ಮರಿ ಇರುವಾಗ ಸರಿ. ಈ ಆಮೆಯ ಚಿಪ್ಪು ಮುಂದೆ 25 ಸೆಂಟಿಮೀಟರ್ ದಾಟಬಹುದು. ಆ ಭಾರಕ್ಕೆ ಹಲಗೆ ಜಾರಿ ಒಮ್ಮೆ ನೀರಿಗೆ ಬಿದ್ದರೆ ಆಮೆ ಮತ್ತೆ ಅದರ ಹತ್ತಿರ ಸುಳಿಯಲು ಹಿಂಜರಿಯುತ್ತದೆ. ಅಲುಗಾಡದ ಕಟ್ಟೆಯೇ ಬೇಕು.

ನಮ್ಮ ಕಡೆ ಕೈಗೆ ಮೊದಲು ಸಿಗುವುದು ಜಂಬಿಟ್ಟಿಗೆ ಕಲ್ಲು. ಬೇಡ. ಅದರ ಒರಟು ಮೈಗೆ ಆಮೆಯ ಹೊಟ್ಟೆ ಚಿಪ್ಪು ಉಜ್ಜುತ್ತದೆ, ಕೆಂಪು ಪುಡಿ ಬಿಟ್ಟು ನೀರೂ ಕದಡುತ್ತದೆ. ಅಡಿಕೆ ದಬ್ಬೆಯೂ ಅಷ್ಟೆ, ಸ್ವಲ್ಪ ದಿನಕ್ಕೆ ಕೊಳೆತು ನಾರುತ್ತದೆ, ಸಿಬಿರು ಬೇರೆ. ಹೊಳೆಯ ಚಪ್ಪಟೆ ಕಲ್ಲು ಪರವಾಗಿಲ್ಲ, ಆದರೆ ಒಂದರ ಮೇಲೊಂದು ಸುಮ್ನೆ ಪೇರಿಸಬೇಡಿ. ಕುಸಿದು ಆಮೆ ಅಡಿಯಲ್ಲಿ ಸಿಕ್ಕಿಕೊಂಡರೆ ಉಸಿರಾಡಲಾಗದೆ ಸತ್ತೇಹೋಗುತ್ತದೆ. ನೀರಲ್ಲಿರುವ ಪ್ರಾಣಿಯಾದರೂ ಅದು ಗಾಳಿ ಕುಡಿಯಲು ಮೇಲೆ ಬರಲೇಬೇಕು.

ಹತ್ತುವ ದಾರಿ ಇಳಿಜಾರಾಗಿರಲಿ, ಅದರ ತುದಿ ನೀರಿನೊಳಗೆ ಚೆನ್ನಾಗಿ ಮುಳುಗಿರಲಿ. ನೀರು ಬದಲಿಸಿದ ಮೇಲೆ ಮಟ್ಟ ನಾಲ್ಕು ಬೆರಳು ಕಡಿಮೆಯಾಗಿ, ದಾರಿಯ ತುದಿ ಗಾಳಿಯಲ್ಲಿ ನೇತಾಡುತ್ತಿರುವುದು ಎಷ್ಟೋ ಮನೆಗಳಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಜಾರುವ ಪ್ಲಾಸ್ಟಿಕ್ ಆದರೆ ಉಗುರು ಹಿಡಿಯುವಂಥ ಜಾಲರಿ ಕಟ್ಟಿ. ಕಟ್ಟೆಯಿಂದ ಟ್ಯಾಂಕಿನ ಅಂಚು ಅರ್ಧ ಅಡಿಗಿಂತ ಎತ್ತರ ಇರಬೇಕು, ಇಲ್ಲದಿದ್ದರೆ ಆಮೆಯನ್ನು ಸೋಫಾ ಕೆಳಗೆ ಹುಡುಕಬೇಕಾಗುತ್ತದೆ.

ಎರಡು ದೀಪ, ಎರಡು ಕೆಲಸ

ಶಾಖಕ್ಕೆ ಒಂದು ದೀಪ, ಯುವಿಬಿಗೆ ಇನ್ನೊಂದು. ಶಾಖಕ್ಕೆ ಹಳೇ ಕಾಲದ ತಂತಿ ಬಲ್ಬ್ ಸಾಕು. ಎಲ್‌ಇಡಿ ಬಲ್ಬ್ ಎಷ್ಟೇ ಬೆಳಗಿದರೂ ಕಟ್ಟೆ ಬಿಸಿಯಾಗುವುದಿಲ್ಲ. ಬಲ್ಬನ್ನು ಮೇಲೆ ಕೆಳಗೆ ಮಾಡುತ್ತಾ ಕಟ್ಟೆಯ ಥರ್ಮಾಮೀಟರ್ 32 ತೋರಿಸುವ ಎತ್ತರ ಹುಡುಕಿ. ನೀರಿನ ಮೇಲೆ ತೂಗುವ ದೀಪವಾದ್ದರಿಂದ ಹೋಲ್ಡರ್ ಭದ್ರವಾಗಿರಲಿ. ವೈರ್ ಪ್ಲಗ್‌ಗೆ ಹೋಗುವ ಮೊದಲು ಸ್ವಲ್ಪ ಕೆಳಕ್ಕೆ ಜೋತುಬಿದ್ದಿರಲಿ. ಆಗ ಜಾರಿದ ನೀರಹನಿ ಪ್ಲಗ್ ತಲುಪದೆ ಅಲ್ಲೇ ತೊಟ್ಟಿಕ್ಕುತ್ತದೆ.

ಯುವಿಬಿ ದೀಪವನ್ನು ಸರೀಸೃಪಗಳಿಗೆಂದೇ ಮಾಡಿರುತ್ತಾರೆ. ಎಷ್ಟು ದೂರದಲ್ಲಿಡಬೇಕೆಂದು ಡಬ್ಬದ ಮೇಲೆ ಬರೆದಿರುತ್ತದೆ. ದೀಪಕ್ಕೂ ಆಮೆಗೂ ನಡುವೆ ಗಾಜು, ಪ್ಲಾಸ್ಟಿಕ್ ಇರಬಾರದು. ಗಾಜು ಯುವಿಬಿಯನ್ನು ತಡೆದುಬಿಡುತ್ತದೆ. ನಮ್ಮ ಹೆಂಚಿನ ಮನೆಗಳಲ್ಲಿ ಗಾಜಿನ ಹೆಂಚಿನಿಂದ ಬಿಸಿಲುಕೋಲು ಬೀಳುತ್ತದಲ್ವಾ, ಅದರ ಅಡಿಯಲ್ಲಿ ಟ್ಯಾಂಕ್ ಇಟ್ಟರೂ ಬೆಳಕು ಸಿಗುತ್ತದೆ, ಯುವಿಬಿ ಸಿಗುವುದಿಲ್ಲ. ಇನ್ನೊಂದು ಮಾತು: ಈ ದೀಪ ಉರಿಯುತ್ತಲೇ ಇದ್ದರೂ ಆರು ತಿಂಗಳಿಂದ ಒಂದು ವರ್ಷದೊಳಗೆ ಅದರ ಕಸುವು ಇಳಿಯುತ್ತದೆ. ಹಾಕಿದ ತಾರೀಖನ್ನು ಹೋಲ್ಡರ್ ಮೇಲೇ ಬರೆದಿಡಿ. ಮೇ ಕೊನೆಗೆ ಹೊಸದು ಹಾಕಿದರೆ ಮಳೆಗಾಲ ಪೂರ್ತಿ ನಿಶ್ಚಿಂತೆ.

ದಿನಕ್ಕೆ 10ರಿಂದ 12 ಗಂಟೆ ದೀಪ ಇರಲಿ, ರಾತ್ರಿ ಆರಿಸಿ. ಟೈಮರ್ ಪ್ಲಗ್ ಹಾಕಿದರೆ ಒಳ್ಳೆಯದು, ಹೊತ್ತು ತಪ್ಪದಿದ್ದರೆ ಆಮೆ ಬೇಗ ಹೊಂದಿಕೊಳ್ಳುತ್ತದೆ. ಗಾಳಿಮಳೆಗೆ ಲೈನ್ ಮೇಲೆ ಮರ ಬಿದ್ದು ಒಂದೆರಡು ದಿನ ಕರೆಂಟ್ ಇಲ್ಲದಿದ್ದರೆ ಗಾಬರಿ ಬೇಡ. ಆ ದಿನಗಳಲ್ಲಿ ಊಟ ಕಡಿಮೆ ಮಾಡಿ. ಮೈ ತಣ್ಣಗಿದ್ದಾಗ ತಿಂದದ್ದು ಸರಿಯಾಗಿ ಅರಗುವುದಿಲ್ಲ.

ಇನ್ನು ದೂರ ನಿಲ್ಲಿ

ಎತ್ತಿ ಕಟ್ಟೆ ಮೇಲೆ ಕೂರಿಸಿದರೆ ಕಲಿಯುತ್ತದೆ ಅಂದುಕೊಳ್ಳುತ್ತಾರೆ. ಕಲಿಯುವುದು ಹೆದರಿಕೆಯನ್ನು ಮಾತ್ರ. ಕಟ್ಟೆ ಮೇಲೆ ಊಟ ಇಟ್ಟು ಆಸೆ ತೋರಿಸುವುದೂ ನಡೆಯುವುದಿಲ್ಲ, ಈ ಆಮೆಗೆ ನೀರಿಲ್ಲದೆ ನುಂಗಲು ಬರುವುದಿಲ್ಲ. ಬಾಯಲ್ಲಿ ಕಚ್ಚಿಕೊಂಡು ನೀರಿಗೇ ಹಾರುತ್ತದೆ.

ಟಿವಿ, ಬಾಗಿಲು, ಜನ ಓಡಾಡುವ ಜಾಗದಿಂದ ಟ್ಯಾಂಕ್ ದೂರ ಇಡಿ. ಕಟ್ಟೆ ಇರುವ ಕಡೆ ಗಾಜಿಗೆ ಹೊರಗಿನಿಂದ ಹಳೇ ಪೇಪರ್ ಅಂಟಿಸಿ. ಹೊಸದಾಗಿ ತಂದ ಆಮೆ ಹೊಂದಿಕೊಳ್ಳಲು ಕೆಲವು ವಾರ ತೆಗೆದುಕೊಳ್ಳಬಹುದು. ನೀವು ಕಂಡ ಕೂಡಲೇ ದುಡುಮ್ಮನೆ ಹಾರುವ ಆಮೆ ನೀವಿಲ್ಲದಾಗ ಆರಾಮಾಗಿ ಕಾಲು ಚಾಚಿ ಮಲಗಿರಬಹುದು. ಫೋನನ್ನು ವಿಡಿಯೊಗೆ ಇಟ್ಟು ಆಚೆ ಹೋಗಿ, ಗೊತ್ತಾಗುತ್ತದೆ. ಎರಡು ಆಮೆ ಇದ್ದರೆ ದೊಡ್ಡದು ಚಿಕ್ಕದನ್ನು ತಳ್ಳುತ್ತಿದೆಯೇ ನೋಡಿ. ತಳ್ಳುತ್ತಿದ್ದರೆ ಇನ್ನೊಂದು ಕಟ್ಟೆ ಬೇಕು.

ಮಳೆ ನಿಂತು ಅಂಗಳಕ್ಕೆ ಬಿಸಿಲು ಬಂದ ಮೇಲೆ ಬೆಳಗ್ಗೆ ಅರ್ಧ ಗಂಟೆ ಹೊರಗೆ ಬಿಡಬಹುದು. ಅಗಲದ ಟಬ್, ಸ್ವಲ್ಪ ನೀರು, ಅರ್ಧ ಭಾಗ ನೆರಳು. ಗಾಜಿನ ಟ್ಯಾಂಕನ್ನೇ ಬಿಸಿಲಿಗೆ ಇಡಬೇಡಿ, ನೀರು ಬೇಗ ಕಾದು ಆಮೆ ಬೆಂದುಹೋಗುತ್ತದೆ. ಕಾಗೆ, ನಾಯಿ, ಮುಂಗುಸಿ ಇರುವ ಕಡೆ ಒಬ್ಬರು ಪಕ್ಕದಲ್ಲೇ ಕೂತಿರಬೇಕು.

ಎಲ್ಲ ಸರಿ ಇದ್ದೂ ಮೇಲೆ ಬರದೆ, ಈಜುವಾಗ ಒಂದು ಪಕ್ಕಕ್ಕೆ ವಾಲಿದರೆ, ಮೂಗಿನಲ್ಲಿ ಗುಳ್ಳೆ ಬಂದರೆ, ಕಣ್ಣು ಊದಿದರೆ ಅಥವಾ ಚಿಪ್ಪು ಒತ್ತಿದರೆ ತಗ್ಗಿದರೆ ಮನೆಮದ್ದು ಬೇಡ. ಚಿಪ್ಪಿಗೆ ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಲೂಬೇಡಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಮೊದಲೇ ಫೋನ್ ಮಾಡಿ ಆಮೆ ನೋಡುತ್ತಾರಾ ಎಂದು ಕೇಳಿಕೊಂಡು ಹೋಗಿ. ಚಿಪ್ಪಿನಿಂದ ತೆಳುವಾದ ಪದರ ಎದ್ದು ಬರುವುದು ಮಾತ್ರ ಕಾಯಿಲೆಯಲ್ಲ, ಬೆಳೆಯುವಾಗ ಆಗುವುದೇ.

ಸಾಕಲು ಆಗುವುದೇ ಇಲ್ಲ ಎನಿಸಿದರೂ ತುಂಗೆಗೋ ಊರ ಕೆರೆಗೋ ಬಿಡಬೇಡಿ. ಹೊರಗಿನಿಂದ ಬಂದು ಸ್ಥಳೀಯ ಜೀವಿಗಳಿಗೆ ಕುತ್ತು ತರುವ 100 ಜೀವಿಗಳ ಜಾಗತಿಕ ಪಟ್ಟಿಯಲ್ಲಿ ಇದರ ಹೆಸರೂ ಇದೆ. ಸಾಕಲು ತಯಾರಿರುವ ಇನ್ನೊಬ್ಬರಿಗೆ ಕೊಡಿ.

ಕಟ್ಟೆಯನ್ನು ವಾರಕ್ಕೊಮ್ಮೆ ತೆಗೆದು ಉಜ್ಜಿ. ಆಮೆಯ ಮೈಮೇಲೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಹಾಗಾಗಿ ತೊಳೆಯುವುದು ಬಚ್ಚಲಲ್ಲೇ ಆಗಲಿ, ಪಾತ್ರೆ ತೊಳೆಯುವ ಸಿಂಕಿನಲ್ಲಿ ಬೇಡ. ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಮಕ್ಕಳ ಕೈಯನ್ನೂ ತೊಳೆಸಿ.